ಕಾರ್ಯ ಮುಗಿದ ಮೇಲೆ ಹನುಮಂತ

ವಿ. ಜಿ. ಸಾಮಂತರು ನಿರ್ದೇಶಿಸಿದ ‘ಹನುಮಾನ್’ ಎಂಬ ಹಿಂದೀ ಅನಿಮೇಷನ್ ಚಿತ್ರವು 2005ರಲ್ಲಿ ತೆರೆಗೆ ಬಂದು, ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ನೋಡಬಹುದಾದ ಚಿತ್ರವೆಂಬ ಪ್ರೀತಿಯನ್ನು ಗಳಿಸಿಕೊಂಡಿತು. ಎರಡು ವರ್ಷಗಳ ತರುವಾಯ, 2007ರ ಡಿಸೆಂಬರಿನಲ್ಲಿ, ಆ ಪ್ರೀತಿಯನ್ನೇ ನೆಚ್ಚಿಕೊಂಡು ‘ರಿಟರ್ನ್ ಆಫ್ ಹನುಮಾನ್’ ಬಂದಿತು. ಎರಡನ್ನೂ ಮನೆಯ ಮಕ್ಕಳೊಡನೆ ಕುಳಿತು ನೋಡಿದ್ದೇನೆ. ಮೊದಲನೆಯದು ಮುಗಿದಾಗ ಕಥೆಯನ್ನು ಮತ್ತೊಮ್ಮೆ ಹೇಳಬೇಕೆಂದು ಮಕ್ಕಳು ಕಾಡಿದರು. ಎರಡನೆಯದನ್ನು ನೋಡುತ್ತ ಅಲ್ಲಲ್ಲಿ ನಕ್ಕರಾದರೂ, ಮುಗಿದ ಮೇಲೆ ಏನನ್ನೂ ಕೇಳಲಿಲ್ಲ. ಈ ವ್ಯತ್ಯಾಸವು ಕೇವಲ ಚಿತ್ರಣದ ಹೆಚ್ಚು ಕಡಮೆಗಳಿಂದ ಬಂದುದಲ್ಲವೆಂದೂ, ಅದರ ಬೇರು ಧರ್ಮಜಿಜ್ಞಾಸೆಗೆ ಸೇರಿದ ಒಂದು ಪ್ರಶ್ನೆಯಲ್ಲಿದೆಯೆಂದೂ ನನ್ನ ಎಣಿಕೆ. ಯಾವ ಕಾರ್ಯಕ್ಕಾಗಿ ಒಬ್ಬನಿಗೆ ಅಸಾಮಾನ್ಯವಾದ ಬಲವು ಬಂದಿತೋ ಆ ಕಾರ್ಯವು ಮುಗಿದುಹೋದ ಮೇಲೆ, ಆ ಬಲವನ್ನು ಇಟ್ಟುಕೊಂಡು ಅವನು ಏನು ಮಾಡತಕ್ಕದ್ದು?

ಎರಡನೆಯ ಚಿತ್ರದ ನಿರ್ದೇಶಕರಾದ ಅನುರಾಗ್ ಕಶ್ಯಪರು ಸಾಮಾನ್ಯರಲ್ಲ. ಮುಂಬಯಿಯ 1993ರ ಸ್ಫೋಟಗಳನ್ನು ಕುರಿತ ಅವರ ‘ಬ್ಲ್ಯಾಕ್ ಫ್ರೈಡೇ’ ತೆರೆ ಕಂಡದ್ದೂ ಅದೇ 2007ರಲ್ಲಿಯೇ. ಕಥೆಯ ಮೊಳಕೆಯೂ ಚೆಲುವಾಗಿದೆ. ಬಲವಂತರ ಕಾಟಕ್ಕೆ ಸಿಕ್ಕಿದ ಶಾಲೆಯ ಪುಟ್ಟ ಬಾಲಕನೊಬ್ಬನ ದುಃಖವನ್ನು ಮೇಲಿನ ಲೋಕದಿಂದ ನೋಡಿದ ಹನುಮಂತನು ಕನಿಕರಗೊಂಡು, ಮನುಷ್ಯನಾಗಿ ಹುಟ್ಟುವುದಕ್ಕೆ ಬ್ರಹ್ಮನ ಅಪ್ಪಣೆಯನ್ನು ಬೇಡಿ, ಮಾರುತಿ ಎಂಬ ಹೆಸರಿನ ಮಗುವಾಗಿ ಒಂದು ಹಳ್ಳಿಯಲ್ಲಿ ಜನ್ಮ ತಾಳುತ್ತಾನೆ. ಇಷ್ಟರಲ್ಲಿ ಯಾವ ಆಕ್ಷೇಪಕ್ಕೂ ಎಡೆಯಿಲ್ಲ. ಆದರೆ ಮುಂದೆ ನಡೆಯುವುದೆಲ್ಲ ಬಲದ ಪ್ರದರ್ಶನಗಳ ಸರಣಿ. ಪುಂಡ ಹುಡುಗರಾದ ಮೇಲೆ ದರೋಡೆಕೋರರು, ಅವರಾದ ಮೇಲೆ ರಾಹು ಕೇತುಗಳು, ಕೊನೆಗೆ ಮನುಷ್ಯನು ಭೂಮಿಗೆ ಸುರಿದ ಮಾಲಿನ್ಯದಿಂದ ಮೈತಳೆದ ಭೂತಾಕೃತಿಗಳು ಎಂದು ವೈರಿಗಳ ಗಾತ್ರವು ಬೆಳೆಯುತ್ತ ಹೋಗುತ್ತದೆ. ವೈರಿಯ ಗಾತ್ರಕ್ಕೆ ತಕ್ಕಂತೆ ಹೊಡೆತದ ಗಾತ್ರವೂ ಬೆಳೆಯುತ್ತದೆ. ಹನುಮಂತನು ಮಾತ್ರ ಬೆಳೆಯುವುದಿಲ್ಲ. ಮೊದಲ ಚಿತ್ರದಲ್ಲಿ ಸಮುದ್ರದ ಈಚೆಯ ದಡದಲ್ಲಿ ನಿಂತಿದ್ದವನೂ ಆಚೆಯ ದಡದಲ್ಲಿ ಸೀತೆಯ ಮುಂದೆ ತಲೆಬಾಗಿದವನೂ ಒಬ್ಬನೇ ಆಗಿದ್ದರೂ, ಆ ಎರಡರ ನಡುವೆ ಅವನಲ್ಲಿ ಏನೋ ಒಂದು ನಡೆದಿತ್ತು. ಇಲ್ಲಿ ನಡೆಯುವುದೆಲ್ಲವೂ ಅವನ ಹೊರಗೆ.

ಇದು ನಮ್ಮ ದೇಶದ ಚಿತ್ರಕಾರರೊಬ್ಬರಿಗೇ ಬಂದ ಸಂಕಷ್ಟವೆಂದು ತಿಳಿಯಬಾರದು. ಅಮೆರಿಕದಲ್ಲಿ 1940ರಿಂದ ಚಿತ್ರಕಥೆಗಳ ಮೂಲಕ ಮಕ್ಕಳಿಗೆ ಪರಿಚಿತನಾದ ವೀರನೊಬ್ಬನಿದ್ದಾನೆ. ‘ಶಝಾಮ್’ ಎಂಬ ಒಂದು ಶಬ್ದವನ್ನು ಉಚ್ಚರಿಸಿದ ಮಾತ್ರದಿಂದ ಅನಾಥ ಬಾಲಕನೊಬ್ಬನಿಗೆ ಸಾಲೊಮನ್ನನ ವಿವೇಕ, ಹರ್ಕ್ಯುಲೀಸನ ಬಲ, ಅಟ್ಲಾಸನ ಧಾರಣಶಕ್ತಿ, ಜ್ಯೂಸನ ಪ್ರಭಾವ, ಅಕಿಲೀಸನ ಧೈರ್ಯ, ಮರ್ಕ್ಯುರಿಯ ವೇಗ ಇಷ್ಟೂ ಒಮ್ಮೆಗೇ ಲಭಿಸುತ್ತವೆ. 2019ರ ಚಿತ್ರದಲ್ಲಿ ಆ ಬಾಲಕನು ತನ್ನನ್ನು ಸಾಕಲು ಒಪ್ಪಿದ ಮನೆಯ ಇತರ ಮಕ್ಕಳೊಡನೆ ಈ ಶಕ್ತಿಯನ್ನು ಹಂಚಿಕೊಂಡದ್ದು ನಿಜವಾಗಿಯೂ ಮನಸ್ಸನ್ನು ತಟ್ಟುವ ಘಟನೆಯಾಗಿತ್ತು. 2023ರ ಮಾರ್ಚಿನಲ್ಲಿ ಬಂದ ‘ಶಝಾಮ್! ಫ್ಯೂರಿ ಆಫ್ ದ ಗಾಡ್ಸ್’ ಎಂಬ ಉತ್ತರಭಾಗದಲ್ಲಿ ಅಟ್ಲಾಸನ ಪುತ್ರಿಯರು ಬಂದು, ಈ ಬಲವು ತಮ್ಮ ತಂದೆಯಿಂದ ಅಪಹೃತವಾದುದೆಂದೂ ಅದನ್ನು ಹಿಂದಿರುಗಿಸಬೇಕೆಂದೂ ಕೇಳುತ್ತಾರೆ. ಎಂಥ ಗಂಭೀರವಾದ ಪ್ರಶ್ನೆ! ನನ್ನಲ್ಲಿರುವ ಬಲವು ಯಾರದು, ಅದಕ್ಕೆ ನಾನು ಅರ್ಹನೆ ಎಂಬುದು ಉಪನಿಷತ್ತಿನ ಋಷಿಗಳೂ ಕೇಳಬಹುದಾಗಿದ್ದ ಪ್ರಶ್ನೆ. ಯಕ್ಷನ ಮುಂದೆ ಒಂದು ಹುಲ್ಲುಕಡ್ಡಿಯನ್ನು ಸುಡಲಾರದೆ ಅಗ್ನಿಯೂ ಎತ್ತಲಾರದೆ ವಾಯುವೂ ಹಿಂದಿರುಗಿದ ಕೇನೋಪನಿಷತ್ತಿನ ಕಥೆಯು ಇದನ್ನೇ ಕೇಳುತ್ತದೆ. ಆ ಚಿತ್ರವು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಒಂದು ಘಳಿಗೆ ನಿಟ್ಟಿಸಿ, ಬೆಂಕಿಯುಗುಳುವ ಮಹಾಸರ್ಪವೊಂದರ ಕಾಳಗದ ಗದ್ದಲದಲ್ಲಿ ಕೈಬಿಡುತ್ತದೆ. ಬಾಲಕನು ಮರಣ ಹೊಂದುತ್ತಾನೆ. ಅವನನ್ನು ಹುಗಿದೂ ಆಗುತ್ತದೆ. ಅಷ್ಟರಲ್ಲಿ ಮತ್ತೊಂದು ಕಥೆಯ ವೀರನಾರಿಯೊಬ್ಬಳು ಬಂದು ಅವನನ್ನು ಬದುಕಿಸುತ್ತಾಳೆ. ಬೆಲೆ ತೆರದೆ ಮರಳಿ ಬಂದ ಪ್ರಾಣಕ್ಕೆ ನೋಡುವವನ ಹೃದಯದಲ್ಲಿಯೂ ಬೆಲೆ ಹುಟ್ಟುವುದಿಲ್ಲ.

ನಮ್ಮ ಅಲಂಕಾರಶಾಸ್ತ್ರವು ಈ ಸೋಲಿನ ಕಾರಣವನ್ನು ಬಹು ಸ್ಪಷ್ಟವಾಗಿ ಹೇಳಬಲ್ಲುದು. ವೀರರಸಕ್ಕೆ ಸ್ಥಾಯಿಯಾದುದು ಉತ್ಸಾಹವೆಂದು ಭರತಮುನಿಯ ಮತ, ಬಲವೆಂದಲ್ಲ. ಉತ್ಸಾಹವು ಯಾವುದೋ ಒಂದನ್ನು ಕುರಿತೇ ಇರತಕ್ಕದ್ದು, ಆಲಂಬನವಿಲ್ಲದೆ ಅದು ನಿಲ್ಲಲಾರದು. ಅದೇ ನಾಟ್ಯಶಾಸ್ತ್ರದಲ್ಲಿ ಅದ್ಭುತವು ವೀರದಿಂದ ಜನಿಸುತ್ತದೆಯೆಂಬ ಮಾತೂ ಇದೆ. ಸಮುದ್ರಲಂಘನವು ನಮ್ಮನ್ನು ಬೆರಗುಗೊಳಿಸುವುದು ಅದು ನೂರು ಯೋಜನದ ನೆಗೆತವಾದುದರಿಂದಲ್ಲ. ಆಚೆಯ ದಡದಲ್ಲಿ ಒಬ್ಬ ಸ್ತ್ರೀಯು ಆಸೆಯ ಕೊನೆಯ ಎಳೆಯನ್ನು ಹಿಡಿದು ಕುಳಿತಿದ್ದಾಳೆಂಬುದರಿಂದ. ಆ ಕಾರ್ಯವನ್ನು ಕಳೆದು ನೆಗೆತವನ್ನು ಮಾತ್ರ ಉಳಿಸಿಕೊಂಡರೆ, ಯೋಜನಗಳ ಸಂಖ್ಯೆಯನ್ನು ಇಮ್ಮಡಿ ಮುಮ್ಮಡಿ ಮಾಡಿದರೂ ಪ್ರಯೋಜನವಿಲ್ಲ. ಉತ್ತರಭಾಗಗಳನ್ನು ನಿರ್ಮಿಸುವವರು ವೀರವನ್ನು ಬಿಟ್ಟು ಅದ್ಭುತವನ್ನು ಮಾತ್ರ ಬಯಸುತ್ತಾರೆ. ತಾಯಿಯಿಲ್ಲದೆ ಮಗುವನ್ನು ಬಯಸಿದಂತಾಗುತ್ತದೆ ಅದು.

ಹನುಮಂತನ ಬಾಲ್ಯವನ್ನು ಕುರಿತು ವಾಲ್ಮೀಕಿರಾಮಾಯಣದ ಉತ್ತರಕಾಂಡವು ಹೇಳುವ ಕಥೆಯನ್ನು ಇಲ್ಲಿ ನೆನೆಯಬೇಕು. ಉದಯಸೂರ್ಯನನ್ನು ಹಣ್ಣೆಂದು ಬಗೆದು ನೆಗೆದ ಆ ಶಿಶುವು ಇಂದ್ರನ ವಜ್ರಕ್ಕೆ ತುತ್ತಾಗಿ ಬಿದ್ದುದೂ, ಮಗನ ದುಃಖದಿಂದ ವಾಯುವು ತನ್ನ ಸಂಚಾರವನ್ನು ನಿಲ್ಲಿಸಿದುದೂ, ಲೋಕವೆಲ್ಲ ಉಸಿರುಕಟ್ಟಿ ತಳಮಳಿಸಿದಾಗ ದೇವತೆಗಳು ಒಬ್ಬೊಬ್ಬರಾಗಿ ಬಂದು ಮಗುವಿಗೆ ವರಗಳನ್ನಿತ್ತುದೂ ಎಲ್ಲರೂ ಬಲ್ಲ ಸಂಗತಿ. ಇಂದ್ರ, ಸೂರ್ಯ, ವರುಣ, ಯಮ, ಕುಬೇರ, ಶಿವ, ವಿಶ್ವಕರ್ಮ, ಬ್ರಹ್ಮ ಎಂಬ ಆ ವರದಾತರ ಪಂಕ್ತಿಯನ್ನು ನೋಡಿದರೆ, ಅಮೆರಿಕದ ಬಾಲಕನಿಗೆ ದೊರೆತ ಆರು ಶಕ್ತಿಗಳ ಕಥೆಗೆ ನಮ್ಮಲ್ಲಿ ಎಷ್ಟೋ ಶತಮಾನಗಳ ಹಿಂದೆಯೇ ಒಂದು ಪ್ರತಿರೂಪವಿದ್ದುದು ಕಾಣುತ್ತದೆ. ಆದರೆ ನಮ್ಮ ಕವಿಯು ಅಲ್ಲಿಗೇ ನಿಲ್ಲಲಿಲ್ಲ. ವರಗಳಿಂದ ಕೊಬ್ಬಿದ ಮಗುವು ಋಷಿಗಳ ಆಶ್ರಮಗಳಲ್ಲಿ ಯಜ್ಞಸಾಧನಗಳನ್ನು ಒಡೆದು, ನಾರುಡೆಗಳನ್ನು ಹರಿದು ಉಪದ್ರವ ಮಾಡತೊಡಗಿದಾಗ, ಋಷಿಗಳು ಅವನ ಬಲವನ್ನು ಕಸಿದುಕೊಳ್ಳಲಿಲ್ಲ. ಯಾರಾದರೂ ನೆನಪಿಸುವ ತನಕ ಅದು ಅವನಿಗೆ ಮರೆತಿರಲಿ ಎಂದು ಮಾತ್ರ ಶಪಿಸಿದರು. ಇಂಥ ಶಾಪವನ್ನು ಕಲ್ಪಿಸಿದ ಬುದ್ಧಿಯು ಎಷ್ಟು ಸೂಕ್ಷ್ಮವಾದುದು! ಬಲವಿದೆ, ಆದರೆ ಬಲವಿದೆಯೆಂಬ ಅರಿವು ತನ್ನ ವಶದಲ್ಲಿಲ್ಲ. ದಕ್ಷಿಣಸಮುದ್ರದ ತೀರದಲ್ಲಿ ವಾನರರು ತಮ್ಮ ತಮ್ಮ ನೆಗೆತದ ಪ್ರಮಾಣವನ್ನು ಹತ್ತು ಯೋಜನ, ಇಪ್ಪತ್ತು ಯೋಜನ ಎಂದು ಸಾರಿಕೊಳ್ಳುತ್ತಿರುವಾಗ ಹನುಮಂತನು ಒಂದು ಕಡೆ ಸುಮ್ಮನೆ ಕುಳಿತಿರುತ್ತಾನೆ. ಮುದುಕನಾದ ಜಾಂಬವಂತನು ಬಂದು ಎಬ್ಬಿಸಬೇಕಾಯಿತು. ಮತ್ತೊಬ್ಬರ ಕಾರ್ಯವು ಕರೆದಾಗ, ಮತ್ತೊಬ್ಬರ ಬಾಯಿಂದ, ಅವನ ಬಲವು ಅವನಿಗೆ ತಿಳಿಯಿತು. ತನ್ನ ಇಚ್ಛೆಯಿಂದ ಇಳಿದುಬಂದು ತಾನೇ ಕಾರ್ಯಗಳನ್ನು ಹುಡುಕಿಕೊಂಡು ಹೊರಡುವ ತೆರೆಯ ಮೇಲಿನ ಮಾರುತಿಗೂ ಇವನಿಗೂ ಇರುವ ಅಂತರವು ಇಲ್ಲಿದೆ.

ಹಾಗಾದರೆ ರಾಮಕಾರ್ಯ ಮುಗಿದ ಮೇಲೆ ಹನುಮಂತನ ಕಥೆಯೂ ಮುಗಿಯಿತೆ? ಮುಗಿಯಲಿಲ್ಲ, ಅವನು ಚಿರಂಜೀವಿ. ಮಹಾಭಾರತದ ವನಪರ್ವದಲ್ಲಿ ಅವನು ಮತ್ತೆ ಕಾಣಿಸಿಕೊಳ್ಳುತ್ತಾನೆ. ನಮ್ಮ ಸಾಹಿತ್ಯದಲ್ಲಿರುವ ಉತ್ತರಭಾಗಗಳಲ್ಲೆಲ್ಲ ಶ್ರೇಷ್ಠವಾದುದು ಇದೆಂದು ನಾನು ಹೇಳಬಯಸುತ್ತೇನೆ. ದ್ರೌಪದಿಯ ಬಯಕೆಯ ಸೌಗಂಧಿಕಪುಷ್ಪಕ್ಕಾಗಿ ಗಂಧಮಾದನದ ಕಾಡನ್ನು ಸೀಳಿಕೊಂಡು ಹೊರಟ ಭೀಮಸೇನನಿಗೆ ಬಾಳೆಯ ತೋಪಿನಲ್ಲಿ ದಾರಿಗಡ್ಡವಾಗಿ ಮಲಗಿದ ಮುದಿ ಕಪಿಯೊಂದು ಕಾಣುತ್ತದೆ. ದಾರಿ ಬಿಡೆಂದು ಗರ್ಜಿಸಿದ ಭೀಮನು, ಪ್ರಾಣಿಯ ದೇಹದಲ್ಲಿರುವ ಪರಮಾತ್ಮನಿಗೆ ಅಪಚಾರವಾಗಬಾರದೆಂದು ಸುಮ್ಮನಿದ್ದೇನೆ, ಇಲ್ಲವಾದರೆ ಹನುಮಂತನು ಕಡಲನ್ನು ದಾಟಿದಂತೆ ನಿನ್ನನ್ನು ದಾಟಿ ಹೋಗುತ್ತಿದ್ದೆ ಎನ್ನುತ್ತಾನೆ. ಅದಕ್ಕೆ ಆ ಮುದಿ ಕಪಿಯು, ಕಡಲನ್ನು ದಾಟಿದ ಆ ಹನುಮಂತನೆಂಬವನು ಯಾರು ಎಂದು ಕೇಳುತ್ತದೆ. ತನ್ನ ಕೀರ್ತಿಯನ್ನು ತಾನೇ ಅಪರಿಚಿತನಂತೆ ಕೇಳಿಸಿಕೊಳ್ಳುವ ಈ ಪ್ರಶ್ನೆಯಲ್ಲಿ ಎಷ್ಟು ವೈರಾಗ್ಯವಿದೆಯೋ ಅಷ್ಟೇ ವಾತ್ಸಲ್ಯವಿದೆ. ಆಮೇಲೆ ಬಾಲದ ಪ್ರಸಂಗ. ಮೊದಲು ಎಡಗೈಯಿಂದ ಅಸಡ್ಡೆಯಾಗಿ ಎತ್ತಹೊರಟ ಭೀಮನು ಎರಡು ಕೈಗಳಿಂದಲೂ ಅದನ್ನು ಅಲುಗಿಸಲಾರದೆ ಬೆವರಿ ನಿಲ್ಲುತ್ತಾನೆ. ಗಮನಿಸಬೇಕು, ಹನುಮಂತನು ಇಲ್ಲಿ ಒಂದು ಏಟನ್ನೂ ಹೊಡೆಯುವುದಿಲ್ಲ. ಮಲಗಿಕೊಂಡೇ ಗೆಲ್ಲುತ್ತಾನೆ.

ಪರಿಚಯವಾದ ಮೇಲೆ ನಡೆಯುವ ಸಂಭಾಷಣೆಯೇ ಈ ಪ್ರಸಂಗದ ತಿರುಳು. ಲಂಕೆಯನ್ನು ನೀನೊಬ್ಬನೇ ನಿರ್ಮೂಲ ಮಾಡಬಲ್ಲವನಾಗಿದ್ದೆಯಲ್ಲ ಎಂದು ಭೀಮನು ಹೇಳಿದಾಗ ಹನುಮಂತನು ಅದನ್ನು ನಿರಾಕರಿಸುವುದಿಲ್ಲ, ಹುಸಿವಿನಯವು ಅವನಲ್ಲಿಲ್ಲ. ಹಾಗೆ ಮಾಡಿದ್ದರೆ ರಾಮನ ಕೀರ್ತಿಗೆ ಲೋಪವಾಗುತ್ತಿತ್ತು, ಆದುದರಿಂದ ಉಪೇಕ್ಷಿಸಿದೆ ಎಂದಷ್ಟೇ ನುಡಿಯುತ್ತಾನೆ. ರಾಮನ ಕಥೆಯು ಲೋಕದಲ್ಲಿ ಇರುವ ತನಕ ತಾನೂ ಬದುಕಿರಬೇಕೆಂದು ವರವನ್ನು ಬೇಡಿಕೊಂಡದ್ದನ್ನೂ, ಗಂಧರ್ವರೂ ಅಪ್ಸರೆಯರೂ ಆ ತೋಪಿಗೆ ಬಂದು ರಾಮಚರಿತವನ್ನು ಹಾಡಿ ತನ್ನನ್ನು ಸಂತೋಷಪಡಿಸುತ್ತಿರುವುದನ್ನೂ ತಿಳಿಸುತ್ತಾನೆ. ಕಾರ್ಯ ಮುಗಿದ ಬಲಶಾಲಿಯು ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ವ್ಯಾಸರ ಉತ್ತರವು ಇದು. ಅವನು ಕೇಳುತ್ತಾನೆ. ಒಂದು ಕಾಲದಲ್ಲಿ ಕಥೆಯನ್ನು ನಡೆಸಿದವನು ಈಗ ಕಥೆಯ ಶ್ರೋತೃವಾಗಿದ್ದಾನೆ, ಅದೂ ತನ್ನ ಕಥೆಯೆಂದಲ್ಲ, ತನ್ನ ಸ್ವಾಮಿಯ ಕಥೆಯೆಂದು. ಕೌರವರನ್ನು ನಾನೇ ಹೋಗಿ ಕೊಂದುಬರಲೆ ಎಂದು ತಮ್ಮನ ಮೇಲಿನ ಪ್ರೀತಿಯಿಂದ ಕೇಳುವುದೂ ಉಂಟು. ಭೀಮನು ಬೇಡವೆಂದಾಗ ಒತ್ತಾಯಿಸದೆ, ನಿನ್ನ ಸಿಂಹನಾದಕ್ಕೆ ನನ್ನ ದನಿಯನ್ನು ಕೂಡಿಸುತ್ತೇನೆ, ಅರ್ಜುನನ ಧ್ವಜದಲ್ಲಿ ಕುಳಿತಿರುತ್ತೇನೆ ಎಂದು ಮಾತು ಕೊಡುತ್ತಾನೆ. ಹೊಸ ಯುಗದ ಯುದ್ಧವನ್ನು ಹೊಸ ಯುಗದವರೇ ಮಾಡಬೇಕು. ಹಿಂದಿನವನು ಅದಕ್ಕೆ ದನಿಯಾಗಬಹುದು, ನೆರಳಾಗಬಹುದು. ಕುರುಕ್ಷೇತ್ರದಲ್ಲಿ ಅವನು ಹದಿನೆಂಟು ದಿನವೂ ಆ ಧ್ವಜದಲ್ಲಿದ್ದನು. ಯುದ್ಧವೆಲ್ಲ ಮುಗಿದು ಅರ್ಜುನನೂ ಕೃಷ್ಣನೂ ರಥದಿಂದ ಇಳಿದ ಮೇಲೆ, ಧ್ವಜದ ಕಪಿಯು ಅಂತರ್ಧಾನನಾಗುತ್ತಲೇ ಆ ರಥವು ಉರಿದು ಬೂದಿಯಾದುದನ್ನು ಶಲ್ಯಪರ್ವವು ವರ್ಣಿಸುತ್ತದೆ. ಅಷ್ಟು ದಿನವೂ ಆ ರಥವು ಉರಿಯದೆ ಉಳಿದುದು ಕೃಷ್ಣನ ಸಾನ್ನಿಧ್ಯದಿಂದಲೆಂಬುದು ಅರ್ಜುನನಿಗೆ ತಿಳಿದುದೇ ಆಗ.

ನಮ್ಮ ಕರಾವಳಿಯವರು ಈ ಕಥೆಯ ಮತ್ತೊಂದು ಕವಲನ್ನು ‘ಶರಸೇತುಬಂಧ’ವೆಂಬ ಯಕ್ಷಗಾನ ಪ್ರಸಂಗವಾಗಿ ಬಹುಕಾಲದಿಂದ ಆಡುತ್ತಲೂ ತಾಳಮದ್ದಳೆಯಲ್ಲಿ ವಾದಿಸುತ್ತಲೂ ಬಂದಿದ್ದಾರೆ. ಬಾಣಗಳಿಂದ ಸೇತುವೆ ಕಟ್ಟಬಲ್ಲೆನೆಂಬ ಅರ್ಜುನನ ಹೆಮ್ಮೆಯೂ, ಅದನ್ನು ಮುರಿಯಬಲ್ಲೆನೆಂಬ ಹನುಮಂತನ ಹಟವೂ ಒಂದನ್ನೊಂದು ಎದುರಿಸಿ, ಕೊನೆಗೆ ಎರಡೂ ಭಗವಂತನ ಮುಂದೆ ಬಾಗುತ್ತವೆ. ಉಡುಪಿ, ಕಾಸರಗೋಡುಗಳ ಕಡೆಯ ಮನೆಮಂದಿಯು ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಕೇಳುವ ಕೂಟಗಳಲ್ಲಿ ಈ ತರ್ಕವು ಗಂಟೆಗಟ್ಟಲೆ ನಡೆಯುತ್ತದೆ. ಕುಟುಂಬಸಮೇತರಾಗಿ ನೋಡುವ ಕಥೆಯೆಂದರೆ ವಿಚಾರವನ್ನು ತೆಳುಗೊಳಿಸಲೇಬೇಕೆಂದು ನಂಬಿರುವವರು ಇಂಥದೊಂದು ಕೂಟದಲ್ಲಿ ಒಂದು ರಾತ್ರಿ ಕುಳಿತಿರಬೇಕು.

ಇನ್ನು ತತ್ತ್ವವಾದದ ಆಚಾರ್ಯರು ಕೊಟ್ಟ ಉತ್ತರವಂತೂ ಕನ್ನಡನಾಡಿನಲ್ಲಿಯೇ ಹುಟ್ಟಿದುದು. ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರನ್ನು ಆ ಸಂಪ್ರದಾಯವು ಹನುಮ, ಭೀಮರ ತರುವಾಯ ಬಂದ ಮುಖ್ಯಪ್ರಾಣನ ಮೂರನೆಯ ಅವತಾರವೆಂದು ಕಾಣುತ್ತದೆ. ನಾರಾಯಣ ಪಂಡಿತಾಚಾರ್ಯರು ತಮ್ಮ ‘ಸುಮಧ್ವವಿಜಯ’ದ ಮೊದಲನೆಯ ಸರ್ಗದಲ್ಲಿ ಹನುಮಂತನ ಮತ್ತು ಭೀಮನ ಚರಿತೆಗಳನ್ನು ಹೇಳಿಯೇ ಮುಂದಕ್ಕೆ ಹೋಗುತ್ತಾರೆ. ಈ ನಂಬಿಕೆಯನ್ನು ಒಪ್ಪದವರೂ ಅದರಲ್ಲಿರುವ ವಿಚಾರಸೌಂದರ್ಯವನ್ನು ಕಾಣಬಹುದು. ಒಂದೇ ಪ್ರಾಣಶಕ್ತಿಯು ತ್ರೇತಾಯುಗದಲ್ಲಿ ದೌತ್ಯವಾಗಿ, ದ್ವಾಪರದಲ್ಲಿ ಗದೆಯಾಗಿ, ಕಲಿಯುಗದಲ್ಲಿ ಭಾಷ್ಯವಾಗಿ ಪ್ರಕಟವಾಯಿತು. ರಾಮನಿಗೂ ಕೃಷ್ಣನಿಗೂ ಸಂದ ಸೇವೆಯು ಮೂರನೆಯ ಬಾರಿಗೆ ವೇದವ್ಯಾಸರಿಗೆ ಸಂದಿತು. ಮೂರನೆಯ ಬಾರಿಗೆ ಅದು ಇನ್ನೂ ದೊಡ್ಡ ರಾಕ್ಷಸನೊಬ್ಬನನ್ನು ಹುಡುಕಿಕೊಂಡು ಹೋಗಲಿಲ್ಲ. ಓಲೆಗರಿಯ ಮುಂದೆ ಕುಳಿತುಕೊಂಡಿತು. ಇದೇ ಪರಂಪರೆಯ ವ್ಯಾಸರಾಯರು ಹಂಪೆಯಲ್ಲಿ ಪ್ರತಿಷ್ಠಿಸಿದ ಯಂತ್ರೋದ್ಧಾರಕ ಹನುಮಂತನನ್ನು ನೋಡಿದವರು ಬಲ್ಲರು: ಬೆಟ್ಟವನ್ನು ಹೊತ್ತು ಹಾರುವ ಭಂಗಿಯಲ್ಲ ಅದು, ಪದ್ಮಾಸನದಲ್ಲಿ ಕುಳಿತ ಧ್ಯಾನಮೂರ್ತಿ. ಹನುಮಂತನು ಹುಟ್ಟಿದ ಸ್ಥಳವೆಂದು ಜನರು ಏರುವ ಆನೆಗೊಂದಿಯ ಅಂಜನಾದ್ರಿಯು ತುಂಗಭದ್ರೆಯ ಆಚೆಯ ದಡದಲ್ಲಿಯೇ ಇದೆ.

ಜೈನ ರಾಮಾಯಣಗಳು ಬೇರೊಂದು ದಾರಿ ಹಿಡಿದುವು. ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ದಿಂದ ಕನ್ನಡಿಗರಿಗೆ ಪರಿಚಿತವಾದ ಆ ಪರಂಪರೆಯಲ್ಲಿ ಹನುಮಂತನು ಕಪಿಯಲ್ಲ, ವಿದ್ಯಾಧರವಂಶದ ಪುರುಷ, ಅವನು ಕೊನೆಗೆ ದೀಕ್ಷೆಯನ್ನು ವಹಿಸಿ ಮುಕ್ತನಾಗುತ್ತಾನೆಂಬುದು ಜೈನರ ನಂಬಿಕೆ. ಬಲವು ತನ್ನನ್ನೇ ಗೆಲ್ಲುವುದರಲ್ಲಿ ಪರ್ಯವಸಾನ ಹೊಂದಬೇಕೆಂಬ ಅವರ ನಿಲವು ವೈದಿಕರ ಶ್ರವಣಕ್ಕಿಂತ ಕಠಿನವಾದುದು, ಆದರೆ ವಿರುದ್ಧವಾದುದಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದುವರಿಯುವುದು ನ್ಯಾಯವಲ್ಲ. ಬೆಂಗಳೂರಿನ ಮಹಾಲಕ್ಷ್ಮಿ ಲೇಔಟಿನ ಪ್ರಸನ್ನ ವೀರಾಂಜನೇಯಸ್ವಾಮಿಯ ಗುಡಿಗೆ ಶನಿವಾರದ ಬೆಳಗ್ಗೆ ಹೋದವರಿಗೆ, ಬಂಡೆಯಲ್ಲಿ ಕಡೆದ 22 ಅಡಿ ಎತ್ತರದ ಆ ಮೂರ್ತಿಯ ಮುಂದೆ ಮಕ್ಕಳ ಕೈಹಿಡಿದು ನಿಂತ ತಾಯಂದಿರು ಕಾಣುತ್ತಾರೆ. ರಾತ್ರಿ ಬೆಚ್ಚಿಬೀಳುವ ಮಗುವಿಗೆ ಅಂತ್ರ ಕಟ್ಟಿಸುವುದಕ್ಕೂ, ಪರೀಕ್ಷೆಗೆ ಹೆದರಿದ ಹುಡುಗನಿಗೆ ಧೈರ್ಯ ಬರಲೆಂದೂ, ಹರಕೆಯ ವಡೆಮಾಲೆಯನ್ನೋ ವೀಳ್ಯದೆಲೆಯ ಹಾರವನ್ನೋ ಒಪ್ಪಿಸುವುದಕ್ಕೂ ಆಂಜನೇಯನ ಸನ್ನಿಧಿಗೆ ಬರುವವರು ಅವರು. ಶಾಲೆಯಲ್ಲಿ ಪೆಟ್ಟು ತಿಂದ ಹುಡುಗನೊಬ್ಬನು ಅಲ್ಲಿ ಕಣ್ಣು ಮುಚ್ಚಿ ನಿಂತು, ಆ ಕಲ್ಲಿನ ತೋಳು ಒಮ್ಮೆ ಎದ್ದು ಬರಬಾರದೆ ಎಂದು ಬಯಸಿದರೆ, ನೀನು ಶ್ರವಣ ಮಾಡು, ವೈರಾಗ್ಯವನ್ನು ಕಲಿ ಎಂದು ಅವನಿಗೆ ಹೇಳುವ ಅಧಿಕಾರ ಯಾರಿಗಿದೆ? ಕಶ್ಯಪರ ಚಿತ್ರವು ಹುಟ್ಟಿದುದು ಈ ಬಯಕೆಯಿಂದಲೇ, ಮತ್ತು ಈ ಬಯಕೆಯು ಪವಿತ್ರವಾದುದು. ದುರ್ಬಲನ ಮೊರೆಯೇ ಭಕ್ತಿಯ ಮೊದಲ ಅಕ್ಷರ. ಗಜೇಂದ್ರನೂ ದ್ರೌಪದಿಯೂ ತತ್ತ್ವವನ್ನು ಕೇಳಲಿಲ್ಲ, ಕೈಹಿಡಿಯೆಂದು ಕೂಗಿದರು.

ಆದರೆ ಆ ಮೊರೆಗೆ ಉತ್ತರವಾಗಿ ನಮ್ಮ ಹಿರಿಯರು ಏನನ್ನು ಕೊಟ್ಟರೆಂಬುದನ್ನು ನೋಡಬೇಕು. ಹಳೆಯ ಬೆಂಗಳೂರು ಮೈಸೂರುಗಳ ಗರಡಿಮನೆಗಳಲ್ಲಿ ಆಂಜನೇಯನ ಪಟವಿಲ್ಲದ ಗೋಡೆಯಿರಲಿಲ್ಲ. ಹೆದರಿದ ಹುಡುಗನನ್ನು ಅಲ್ಲಿಗೆ ಕರೆತಂದು, ಆ ಪಟಕ್ಕೆ ಕೈಮುಗಿಸಿ, ಕೆಮ್ಮಣ್ಣಿನ ಮಟ್ಟಿಗೆ ಇಳಿಸುತ್ತಿದ್ದರು. ದೇವರು ಪಟದಿಂದ ಇಳಿದುಬಂದು ಅವನ ಪರವಾಗಿ ಹೊಡೆದಾಡಲಿಲ್ಲ; ಹುಡುಗನು ವರ್ಷಗಟ್ಟಲೆ ಸಾಮು ಮಾಡಿ ತನ್ನ ಬಲವನ್ನು ತಾನು ಕಂಡುಕೊಂಡನು, ಹಾಗೆ ಕಂಡುಕೊಂಡ ಬಲದಿಂದ ಗರಡಿಯ ಹೊರಗೆ ಯಾರನ್ನೂ ನೋಯಿಸಕೂಡದೆಂಬ ಕಟ್ಟಿಗೂ ಒಳಗಾದನು. ಜಾಂಬವಂತನು ಕಡಲ ತೀರದಲ್ಲಿ ಹನುಮಂತನಿಗೆ ಮಾಡಿದುದನ್ನೇ ಹನುಮಂತನು ಗರಡಿಯಲ್ಲಿ ಹುಡುಗನಿಗೆ ಮಾಡಿದನೆಂದು ತಿಳಿಯಬೇಕು. ಆ ಚಿತ್ರದ ಪುಟ್ಟ ಬಾಲಕನಿಗೆ ದೊರೆತುದು ತನ್ನ ಪರವಾಗಿ ಗೆಲ್ಲುವ ಒಬ್ಬ ಗೆಳೆಯ. ದೊರೆಯಬೇಕಾಗಿದ್ದುದು ತನ್ನನ್ನು ಎಬ್ಬಿಸುವ ಒಂದು ಮಾತು. ಹನುಮಂತನು ಜಾಂಬವಂತನ ಸ್ಥಾನದಲ್ಲಿ ನಿಲ್ಲುವ ಉತ್ತರಭಾಗವೊಂದನ್ನು ಯಾರಾದರೂ ತೆಗೆದಿದ್ದರೆ ಅದು ಮೊದಲನೆಯದಕ್ಕಿಂತ ಮಿಗಿಲಾಗುತ್ತಿತ್ತು.

ಅವತಾರವೆಂಬುದೇ ಮುಂದುವರಿದ ಕಥೆಯಲ್ಲವೆ, ಯುಗಯುಗದಲ್ಲಿಯೂ ಬರುತ್ತೇನೆಂದು ಭಗವಂತನೇ ಗೀತೆಯಲ್ಲಿ ಮಾತು ಕೊಟ್ಟಿಲ್ಲವೆ ಎಂದು ಕೇಳಬಹುದು. ಕೊಟ್ಟಿದ್ದಾನೆ, ಆದರೆ ಮತ್ಸ್ಯನು ಮತ್ತೆ ಮತ್ಸ್ಯನಾಗಿ ಬರಲಿಲ್ಲ, ನರಸಿಂಹನು ಮತ್ತೊಂದು ಕಂಬದಿಂದ ಹೊರಡಲಿಲ್ಲ. ಬಾಲಕಾಂಡದಲ್ಲಿ ಪರಶುರಾಮನು ದಶರಥರಾಮನನ್ನು ಎದುರಿಸುವ ಸಂದರ್ಭವಂತೂ ಈ ವಿಷಯದಲ್ಲಿ ನಮ್ಮ ಕವಿಗಳ ನಿರ್ಣಯವನ್ನೇ ಸಾರುತ್ತದೆ. ಹಿಂದಿನ ಕಥೆಯ ವೀರನು ಮುಂದಿನ ಕಥೆಯೊಳಕ್ಕೆ ಕೊಡಲಿಯೊಡನೆ ಕಾಲಿಡುತ್ತಾನೆ. ವೈಷ್ಣವ ಧನುಸ್ಸನ್ನು ಎಳೆಯನ ಕೈಗೆ ಕೊಡುತ್ತಾನೆ. ತನ್ನ ತೇಜಸ್ಸು ಅವನಲ್ಲಿ ಸೇರಿದುದನ್ನು ಕಂಡು ಮಹೇಂದ್ರಪರ್ವತಕ್ಕೆ ಹಿಂದಿರುಗುತ್ತಾನೆ. ಅವನಿಗೆ ಅದರಿಂದ ಲಜ್ಜೆಯೇನೂ ಆಗಲಿಲ್ಲ.

ಮಕ್ಕಳಿರುವ ಮನೆಯವರಲ್ಲಿ ನನ್ನ ಪ್ರಾರ್ಥನೆಯೊಂದಿದೆ. ಇನ್ನೊಂದು ಉತ್ತರಭಾಗವು ಬಂದಾಗ ಮಕ್ಕಳನ್ನು ಅಗತ್ಯವಾಗಿ ಕರೆದುಕೊಂಡು ಹೋಗಿ; ಬೇಡವೆನ್ನುವುದಕ್ಕೆ ಕಾರಣವಿಲ್ಲ. ಆದರೆ ಹೋಗುವುದಕ್ಕೆ ಮುಂಚೆ ಒಂದು ಸಂಜೆ ಕುಮಾರವ್ಯಾಸನ ಅರಣ್ಯಪರ್ವವನ್ನು ತೆಗೆದು, ಭೀಮನು ಬಾಳೆಯ ತೋಪನ್ನು ಹೊಗುವ ಸಂಧಿಯನ್ನು ಗಟ್ಟಿಯಾಗಿ ಓದಿ ಹೇಳಿ. ಓದಲು ಬಾರದಿದ್ದರೆ ಗಮಕಿಗಳ ವಾಚನವನ್ನಾದರೂ ಕೇಳಿಸಿ. ಕಥೆ ಮುಗಿದ ಮೇಲೆ ಮಕ್ಕಳು ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆ ಉತ್ತರ ಹೇಳುವಷ್ಟು ಹೊತ್ತನ್ನು ಆ ಸಂಜೆ ಇಟ್ಟುಕೊಂಡಿರಿ.